ಒಂದು ಕಿವಿಯ ವಿಮರ್ಶಕಿ

ತನಗೆ ಗೊತ್ತಿಲ್ಲದ ವಿಷಯದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಸುಖ ಒಂದಿದೆಯಲ್ಲ, ಅದು ಬೆಳಗಿನ ಮೊದಲ ಲೋಟ ಕಾಫಿಯ ಸುಖಕ್ಕಿಂತ ಒಂದು ತೂಕ ಹೆಚ್ಚು. ಬಸ್ಸಿನಲ್ಲಿ ಪಕ್ಕ ಕೂತವರು ದೇಶ ಹೇಗೆ ನಡೆಸಬೇಕೆಂದು ಹೇಳುವುದು, ಮದುವೆಮನೆಯಲ್ಲಿ ಹುಟ್ಟಿದಾರಭ್ಯ ಸೌಟು ಹಿಡಿಯದ ಗಂಡಸರು ಸಾರಿಗೆ ಏನು ಕಮ್ಮಿಯಾಗಿದೆ ಎಂದು ತೀರ್ಪು ಕೊಡುವುದು, ಎಲ್ಲ ಈ ಸುಖಕ್ಕಾಗಿಯೇ. ಮೊದಲೆಲ್ಲ ನಾನು ಇಂಥವರನ್ನು ಕಂಡು ನಗುತ್ತಿದ್ದೆ. ಈಗ ನಗುವುದಿಲ್ಲ. ಯಾಕೆಂದರೆ ಮೂರು ವರ್ಷದಿಂದ ನಾನು ಹಾಸನದ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದೇನೆ. ನನಗಿರುವ ಸಂಗೀತಜ್ಞಾನ ಎಷ್ಟೆಂದು ಕೇಳಿದರೆ, ಚಿಕ್ಕಂದಿನಲ್ಲಿ ಪಾಠಕ್ಕೆ ಸೇರಿಸಿದ್ದಾಗ ಮೇಷ್ಟ್ರು ಹದಿನೈದು ದಿನ ಸರಳೆ ವರಸೆ ಹೇಳಿಸಿ, ಹದಿನಾರನೆಯ ದಿನ ನಮ್ಮಪ್ಪನನ್ನು ಕರೆಸಿ, "ಮಗು ತುಂಬಾ ಚೂಟಿ ಇದೆ, ಚೆನ್ನಾಗಿ ಓದಿಸಿ" ಎಂದರು. ಅಲ್ಲಿಗೆ ನನ್ನ ಸಂಗೀತ ಮುಗಿಯಿತು. ಓದಿ ಲೈಬ್ರರಿಯನ್ ಆದೆ. ಹಾಸನದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಮುಖ್ಯ ಕೆಲಸವೆಂದರೆ ತುಟಿಯ ಮೇಲೆ ಬೆರಳಿಟ್ಟು ಮಕ್ಕಳನ್ನು ಸುಮ್ಮನಾಗಿಸುವುದು. ಸದ್ದಿನ ಬಗ್ಗೆ ತೀರ್ಪು ಕೊಡಲು ಇಂಥವಳೇ ಬೇಕಿತ್ತೇ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು.

ಆದರೆ ಆ ಪತ್ರಿಕೆಯ ಸಂಪಾದಕರಿಗೆ ಅನ್ನಿಸಲಿಲ್ಲ. ಹಳೆಯ ಪತ್ರಿಕೆಗಳನ್ನು ನೋಡಲು ನಮ್ಮ ಲೈಬ್ರರಿಗೆ ಬಂದವರು ಮೇಜಿಗೆ ಮೊಣಕೈ ಊರಿ, "ಮೇಡಂ, ನಮ್ಮ ಜಿಲ್ಲೆ ಹುಡುಗ್ರು ಈಗ ಸಿನಿಮಾದವರು ಕರೀಲಿ ಅಂತ ಕಾಯ್ತಾ ಕೂರಲ್ಲ. ತಾವೇ ಬರ್ದು, ತಾವೇ ಹಾಡಿ, ಫೋನಲ್ಲೇ ಬಿಟ್ಬಿಡ್ತಾರೆ. ವಾರಕ್ಕೊಂದು ಹೊಸ ಹಾಡಿನ ಬಗ್ಗೆ ನಾಲ್ಕು ಮಾತು ಬರ್ಕೊಡಿ" ಎಂದರು. ನನಗೆ ಸಂಗೀತ ಬರುವುದಿಲ್ಲ ಸಾರ್ ಎಂದೆ. "ಬರೋರು ಇನ್ನೊಬ್ಬರದ್ದು ಕೇಳಲ್ಲ ಮೇಡಂ. ಅದಕ್ಕೇ ನಿಮ್ಮ ಹತ್ರ ಬಂದಿದ್ದು" ಎಂದರು. ಈ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂದರೆ ನಾನು ಅಲ್ಲೇ ಒಪ್ಪಿಕೊಂಡೆ. ಮುಂದಿನ ಭಾನುವಾರವೇ 'ಹೊಸ ದನಿ' ಎಂಬ ಅಂಕಣ ಶುರುವಾಯಿತು, ಪಕ್ಕದಲ್ಲಿ ನನ್ನ ಫೋಟೋ ಸಮೇತ. ಫೋಟೋದಲ್ಲಿ ನಾನು ಕೆನ್ನೆಗೆ ಕೈಯಿಟ್ಟು ಏನನ್ನೋ ಆಳವಾಗಿ ಆಲಿಸುತ್ತಿದ್ದೇನೆ. ನಿಜಕ್ಕೂ ಅದು ಹಲ್ಲುನೋವಿನ ದಿನ ತೆಗೆದದ್ದು.

ಹೊಸ ಹಾಡುಗಳನ್ನು ಎಲ್ಲಿ ಹುಡುಕುತ್ತೀರಿ ಎಂದು ಕೆಲವರು ಕೇಳುತ್ತಾರೆ. ಹುಡುಕುವ ಕಷ್ಟವೇ ಇಲ್ಲ, ಅವೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ನಾನಿರುವುದು ಹೊಳೆನರಸೀಪುರದಲ್ಲಿ, ದಿನಾ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂದು ದಿನ ಕಂಡಕ್ಟರು ಟಿಕೆಟ್ ಕೊಟ್ಟು ಮುಂದೆ ಹೋದವರು ವಾಪಸ್ ಬಂದು, "ಅಕ್ಕಾ, ನಮ್ ಭಾಮೈದ ಒಂದ್ ಸಾಂಗ್ ಬುಟ್ಟವ್ನೆ ಕನಕ್ಕ. ವಸಿ ಕೇಳ್ಬುಟ್ಟು ಪೇಪರ್‌ಗಾಕಿ. ಚೆನ್ನಾಗಿಲ್ಲ ಅಂತ ಬರುದ್ರೂ ಪರ್ವಾಗಿಲ್ಲ, ಅವ್ನಿಗೂ ವಸಿ ಬುದ್ಧಿ ಬರ್ಲಿ" ಎಂದರು. ತರಕಾರಿಯವಳ ಮಗಳು, ಟೈಲರ್ ಅಂಗಡಿಯವರ ತಮ್ಮ, ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು, ಎಲ್ಲರೊಳಗೂ ಒಂದೊಂದು ಹಾಡು ಕೂತಿತ್ತು ಎಂದು ನನಗೆ ಗೊತ್ತಾದದ್ದೇ ಈ ಅಂಕಣದಿಂದ. ಇವರೆಲ್ಲ ಕಿಟಕಿಗೆ ರಗ್ಗು ಇಳಿಬಿಟ್ಟು, ಫ್ಯಾನು ಆರಿಸಿ, ಮನೆಮಂದಿಯನ್ನೆಲ್ಲ ಆಚೆ ಕಳಿಸಿ, ಬೆವರಿಳಿಸಿಕೊಂಡು ಹಾಡಿ, ಅದನ್ನು ಊರಿಗೆ ಬಿಡುವವರು. ದೊಡ್ಡಗದ್ದವಳ್ಳಿಯವರೊಬ್ಬರು ಕೊಳಲು ನುಡಿಸಿ ಕಳಿಸಿದ್ದರಲ್ಲಿ ನಡುವೆ ಟ್ರ್ಯಾಕ್ಟರಿನ ಸದ್ದಿತ್ತು. 'ಕೊಳಲಿನ ಹಳೆಯ ಲೋಕಕ್ಕೆ ಯಂತ್ರಯುಗದ ಪ್ರವೇಶ, ದಿಟ್ಟ ಪ್ರಯೋಗ' ಎಂದು ಬರೆದೆ. ಅವರು ಫೋನ್ ಮಾಡಿ, "ಕ್ಷಮಿಸ್ಬೇಕು ಮೇಡಂ, ಅದು ಪಕ್ಕದ್ಮನೆ ಟ್ರ್ಯಾಕ್ಟ್ರು. ನಿಲ್ಸಪ್ಪ ಅಂದ್ರೂ ನಿಲ್ಸಲಿಲ್ಲ" ಎಂದರು. ಚನ್ನರಾಯಪಟ್ಟಣದ ಒಂದು ತಂಡದ ಹಾಡಿಗೆ, 'ಗಿಟಾರ್ ವಾದಕರ ಹೆಸರು ಹಾಕಿದ್ದಾರೆ, ಗಿಟಾರ್ ಮಾತ್ರ ಕೇಳುವುದಿಲ್ಲ. ಇದು ವಿನಯವೋ, ಸಂಕೋಚವೋ?' ಎಂದು ಬರೆದೆ. ಮುಂದಿನ ಹಾಡಿನಲ್ಲಿ ಆ ಹುಡುಗ ಎಂಥ ಗಿಟಾರ್ ಬಾರಿಸಿದನೆಂದರೆ ಹಾಡುವವನ ದನಿಯೇ ಮುಚ್ಚಿಹೋಯಿತು. ಒಂದು ವಿಮರ್ಶೆಗೆ ಎಷ್ಟು ಶಕ್ತಿ ನೋಡಿ ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಈಗ ನಾನು ಹಾಡು ಕೇಳುವ ಕ್ರಮವನ್ನು ಹೇಳಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ನನ್ನ ಹತ್ತಿರ ಒಂದು ತಂತಿಯ ಇಯರ್‌ಫೋನ್ ಇದೆ. ಅದರ ಬಲಗಡೆಯದನ್ನು ಬಲಗಿವಿಗೆ ಸಿಕ್ಕಿಸಿಕೊಳ್ಳುತ್ತೇನೆ. ಎಡಗಡೆಯದು ಎದೆಯ ಮೇಲೆ ಸುಮ್ಮನೆ ತೂಗಾಡುತ್ತಿರುತ್ತದೆ. ಯಾಕೆಂದರೆ ನಮ್ಮ ಕಡೆ ಎರಡೂ ಕಿವಿ ಮುಚ್ಚಿಕೊಂಡು ಬಸ್ಸಿನಲ್ಲಿ ಕೂರುವುದು ಮರ್ಯಾದಸ್ಥರ ಲಕ್ಷಣವಲ್ಲ. ಪಕ್ಕದಲ್ಲಿ ಕೂತ ಹೆಂಗಸು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿದಾಗ ಉತ್ತರ ಕೊಡದಿದ್ದರೆ, ಇಳಿಯುವ ಹೊತ್ತಿಗೆ ನಮಗೆ ಜಂಬದವಳು ಎಂಬ ಬಿರುದು ಖಾಯಂ ಆಗಿರುತ್ತದೆ. ಇನ್ನು ಮನೆಯಲ್ಲಂತೂ ಒಂದು ಕಿವಿಯನ್ನು ಖಾಲಿ ಇಡದೆ ಸಂಸಾರವೇ ನಡೆಯುವುದಿಲ್ಲ. ಕುಕ್ಕರ್ ಮೂರು ಕೂಗು ಕೂಗಿದ್ದನ್ನು ಎಣಿಸಬೇಕು. ಹಾಲು ಉಕ್ಕುವ ಮುಂಚಿನ ಆ ಸಣ್ಣ ಸರಸರ ಕೇಳಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ ನಡುಮನೆಯಿಂದ ನಮ್ಮತ್ತೆ ಕೂಗಿದರೆ ಓಗೊಡಬೇಕು. ಅತ್ತೆಗೆ ಎಪ್ಪತ್ತೆಂಟು ವರ್ಷ. ಮೈಯಲ್ಲಿ ಏನೂ ಕಾಯಿಲೆಯಿಲ್ಲ, ದನಿಯಲ್ಲಂತೂ ಇಲ್ಲವೇ ಇಲ್ಲ. "ರತ್ನಾ, ಕಾಪಿ ಆಯ್ತಾ? ರತ್ನಾ, ಬಾಗ್ಲಾಕಿದ್ಯಾ? ರತ್ನಾ, ಯಾರೇ ಬಂದೋರು?" ಹೀಗೆ ದಿನಕ್ಕೆ ನೂರು ಸಲ. ಆದ್ದರಿಂದ ಬಲಗಿವಿ ಹಾಡಿಗೆ, ಎಡಗಿವಿ ಅತ್ತೆಗೆ ಎಂದು ಪಾಲು ಮಾಡಿಬಿಟ್ಟಿದ್ದೆ. ಇದರಲ್ಲಿ ತಪ್ಪೇನಾದರೂ ಇರಬಹುದೆಂದು ಮೂರು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ. ದೇವರು ಎರಡು ಕಿವಿ ಕೊಟ್ಟದ್ದು ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ ಅಲ್ಲವೇ ಎಂದುಕೊಂಡಿದ್ದೆ.

ಹೀಗಿರುವಾಗ ಕೊಣನೂರಿನಿಂದ ಸಿಂಧು ಎಂಬ ಹುಡುಗಿ ಒಂದು ಹಾಡು ಕಳಿಸಿದಳು. ಅರಕಲಗೂಡಿನ ಒಂದು ಶಾಲೆಯಲ್ಲಿ ಟೀಚರ್ ಅಂತೆ. ಹಾಡಿನ ಹೆಸರು 'ಎದುರುಬದುರು'. ಆ ಕಡೆ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುತ್ತಾರೆ, ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬಿಸಿಗೆ ಒಣಗಿಸಿ ಹದ ಮಾಡಲು ಮೇಲೆ ಸಾಲಾಗಿ ತೂಗುಹಾಕುತ್ತಾರೆ. ಹಾಗೆ ಎಲೆ ಕಟ್ಟುತ್ತಾ ಹೆಂಗಸರು ಕೇಳಿಕೊಳ್ಳುವ ಪ್ರಶ್ನೆಗಳೇ ಹಾಡು. ಮಂಗಳವಾರ ಸಂಜೆ ಬೇಳೆ ಬೇಯಲಿಟ್ಟು ಕೇಳಿದೆ. ಹಿಂದೆ ತಂಬೂರಿಯ ಶ್ರುತಿ, ಎಲೆಯ ಸರಪರ ಸದ್ದು. ಹುಡುಗಿ ಹಾಡುತ್ತಾಳೆ: 'ಎಲೆಯ ಕಟ್ಟೋ ಕೈಯಿ ಯಾಕವ್ವ ಕಪ್ಪಾಯ್ತು?' ಆಮೇಲೆ ಏನೂ ಇಲ್ಲ. ಬರೀ ತಂಬೂರಿ, ಎಲೆಯ ಸದ್ದು. ಮತ್ತೆ ಕೇಳುತ್ತಾಳೆ: 'ಬೆಳಗಿಂದ ಕುಂತರೂ ಬೆನ್ಯಾಕೆ ನೋಯಲಿಲ್ಲ?' ಮತ್ತೆ ಏನೂ ಇಲ್ಲ. ಹೀಗೆ ಏಳು ಪ್ರಶ್ನೆ, ಏಳು ಮೌನ. ನನಗೆ ಮೈ ಜುಮ್ಮೆಂದಿತು. ಮೌನವೆಂದರೆ ನನ್ನ ಇಪ್ಪತ್ತೆರಡು ವರ್ಷದ ಕಸುಬು ತಾನೆ! ಕುಕ್ಕರ್ ಆರಿಸಿ, ಕೂತಲ್ಲೇ ಬರೆದೆ: 'ಕೇಳುವ ದನಿಯಿದೆ, ಉತ್ತರಿಸುವ ದನಿಯಿಲ್ಲ. ಹಿಂದಿನ ತಲೆಮಾರು ನಮ್ಮ ಪ್ರಶ್ನೆಗಳಿಗೆ ಓಗೊಡದೆ ಹೋಯಿತು ಎಂಬ ಸತ್ಯವನ್ನು ಈ ಹುಡುಗಿ ಹಾಡದೇ ಹಾಡಿದ್ದಾಳೆ. ಉತ್ತರದ ಜಾಗವನ್ನು ಖಾಲಿ ಬಿಡಲು ಎಂಥ ಧೈರ್ಯ ಬೇಕು! ಶೀರ್ಷಿಕೆ ಮಾತ್ರ ಹೊಂದುವುದಿಲ್ಲ. ಎದುರಿಗೆ ಯಾರೂ ಇಲ್ಲದಿರುವಾಗ ಎದುರುಬದುರು ಹೇಗಾದೀತು?' ಬರೆದ ಮೇಲೆ ನನ್ನ ಬರಹವನ್ನು ನಾನೇ ಮೂರು ಸಲ ಓದಿಕೊಂಡೆ.

ಭಾನುವಾರ ಅದು ಅಚ್ಚಾದ ಮೇಲೆ ಬಂದ ಹೊಗಳಿಕೆಯನ್ನು ಏನು ಹೇಳಲಿ. ಸಂಪಾದಕರು ಫೋನ್ ಮಾಡಿ, "ಮೇಡಂ, ಖಾಲಿ ಜಾಗ ಅಂದ್ರಲ್ಲ, ಕಣ್ಣಲ್ಲಿ ನೀರು ಬಂತು" ಎಂದರು. ಕಾಲೇಜಿನಲ್ಲಿ ಇಬ್ಬರು ಲೆಕ್ಚರರುಗಳು ಕೈ ಕುಲುಕಿದರು. ಕನ್ನಡ ಮೇಷ್ಟ್ರು ಅದರ ಜೆರಾಕ್ಸ್ ತೆಗೆಸಿ ನೋಟೀಸ್ ಬೋರ್ಡಿಗೆ ಹಾಕಿಸಿದರು. ನಮ್ಮನೆಯವರು ಮಾತ್ರ ಪತ್ರಿಕೆ ಮಡಿಸಿಟ್ಟು, "ಏಳು ಸಲ ಕೇಳಿದ್ರೂ ಉತ್ತರ ಕೊಡ್ಲಿಲ್ಲ ಅಂದ್ರೆ ಆ ಮನೇಲಿ ಗಂಡ್ಸು ಇದ್ದಿರ್ಬೇಕು" ಎಂದರು. ಅವರು ಕೃಷಿ ಇಲಾಖೆಯಿಂದ ನಿವೃತ್ತರಾದವರು, ಬೀಜ ಗೊಬ್ಬರ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಗಂಭೀರವಾಗಿ ಮಾತಾಡುವುದಿಲ್ಲ. ಈಗ ಯೋಚಿಸಿದರೆ ಗೊತ್ತಾಗುತ್ತದೆ, ಹೊಗಳಿದ ಒಬ್ಬರಾದರೂ ಆ ಹಾಡನ್ನು ಕೇಳಿರಲಿಲ್ಲ. ವಿಮರ್ಶೆ ಓದಿದ ಮೇಲೆ ಹಾಡು ಕೇಳುವ ಅಗತ್ಯವೇನು ಎಂದು ಎಲ್ಲರೂ ಸಮಾಧಾನವಾಗಿದ್ದರು.

ಬುಧವಾರ ಸಂಜೆ ಬಸ್ಸಿಳಿದು ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಸಿಂಧು ಫೋನ್ ಮಾಡಿದಳು. ಕೃತಜ್ಞತೆ ಹೇಳಲೆಂದೇ ಮಾಡಿದ್ದಾಳೆ ಎಂದು ಗಂಟಲು ಸರಿಮಾಡಿಕೊಂಡೆ. ಹುಡುಗಿ ಅಳುತ್ತಿದ್ದಳು. "ಮೇಡಂ, ನೀವು ಹಾಡಲ್ಲಿ ಉತ್ತರ ಇಲ್ಲ ಅಂತ ಬರ್ದಿದ್ದೀರಲ್ಲ. ನಮ್ಮಜ್ಜಿ ಮೂರು ದಿನದಿಂದ ನನ್ ಜೊತೆ ಮಾತಾಡ್ತಿಲ್ಲ ಮೇಡಂ. ನಾನು ಮಾಡಿದ್ ಅಡಿಗೆ ಮುಟ್ತಿಲ್ಲ." ಹಾಡಿಗೂ ಅಜ್ಜಿಗೂ ಏನಮ್ಮ ಸಂಬಂಧ ಎಂದೆ. "ಉತ್ರ ಹಾಡಿರೋದೆಲ್ಲ ನಮ್ಮಜ್ಜೀನೇ ಅಲ್ವಾ ಮೇಡಂ! ಪಕ್ಕದ್ಮನೆ ಅಣ್ಣ ಪೇಪರ್ ಓದಿ ಹೇಳ್ಬಿಟ್ರು. ಅಜ್ಜಿ ನನ್ನ ದನಿ ತೆಗ್ದಾಕ್ಬಿಟ್ಟು ಪೇಪರ್ನೋರಿಗೆ ಕಳಿಸಿದೀಯ ಅಂತಾರೆ. ಫೋನಲ್ಲಿ ಹಾಕಿ ಕೇಳಿಸಿದೆ, ಇಲ್ನೋಡಜ್ಜಿ ನಿನ್ ದನಿ ಅಂತ. ಮನೆಗೊಂದು ಮಾಡಿ ಮಡಿಕಂಡಿದೀಯ, ಪೇಪರ್‌ಗೊಂದು ಕೊಟ್ಟಿದೀಯ, ಅಚ್ಚಾಗಿರೋದು ಸುಳ್ಳಾ ಅಂತಾರೆ. ಊರೋರ ಮುಂದೆ ಮುದುಕಿ ದನಿ ನಾಚ್ಕೆ ಆಯ್ತಾ ನಿಂಗೆ ಅಂತಾರೆ ಮೇಡಂ." ನನಗೆ ಕಾಲು ನೀರಿನಲ್ಲೇ ಇದೆ ಎಂಬುದೂ ಮರೆತುಹೋಯಿತು. ಆದರೂ ವಿಮರ್ಶಕರ ಗತ್ತು ಅಷ್ಟು ಬೇಗ ಇಳಿಯುತ್ತದೆಯೇ? ನೀನು ಬೇರೆ ಫೈಲ್ ಕಳಿಸಿರಬೇಕು ನೋಡಮ್ಮ, ಪರಿಶೀಲಿಸುತ್ತೇನೆ ಎಂದು ಫೋನಿಟ್ಟೆ.

ಪರಿಶೀಲನೆ ಅಡಿಗೆಮನೆಯಲ್ಲಿ ನಡೆಯಿತು. ನಮ್ಮತ್ತೆ ಕಾಫಿಗೆ ಕಾದು ಕಾದು ಸಾಕಾಗಿ ಅಲ್ಲಿಗೇ ಬಂದು ಮಣೆ ಹಾಕಿಕೊಂಡು ಕೂತರು. ನಾನು ಬಲಗಿವಿಗೆ ಸಿಕ್ಕಿಸಿಕೊಂಡು ಹಾಡು ಹಾಕಿದೆ. ಪ್ರಶ್ನೆ, ಮೌನ, ಪ್ರಶ್ನೆ, ಮೌನ. ಅಜ್ಜಿಯ ಸುಳಿವಿಲ್ಲ. "ಏನೇ ಅದು ಅಷ್ಟೊಂದ್ ಮಕ ಗಂಟಾಕ್ಕಂಡು ಕೇಳ್ತಾ ಇದೀಯ?" ಎಂದರು ಅತ್ತೆ. ಬಗ್ಗಿ ಅವರ ಮುಂದಿನ ಡಬ್ಬ ತೆಗೆದುಕೊಳ್ಳುವಾಗ ತೂಗಾಡುತ್ತಿದ್ದ ಎಡಗಡೆಯ ತುದಿ ಅವರ ಕೈಗೆ ಸಿಕ್ಕಿತು. ಅದನ್ನು ಹಿಂದೆ ಮುಂದೆ ನೋಡಿ, ತಮ್ಮ ಕಿವಿಗೆ ಇಟ್ಟುಕೊಂಡರು. ಒಂದು ನಿಮಿಷ ಕೇಳಿ, "ಯಾರೋ ವಯ್ಸಾದೋರು ಪದ ಯೋಳ್ತಾವ್ರೆ. ಎಂಥಾ ಗಂಟ್ಲು!" ಎಂದರು. ಅಜ್ಜಿ ಇಲ್ಲ ಅತ್ತೆ, ಹುಡುಗಿ ಹಾಡ್ತಿರೋದು ಎಂದೆ. "ಉಡುಗಿ ಎಲ್ಲವ್ಳೆ? ಮುದ್ಕಿ ಕಣೇ." ಹುಡುಗಿ ಅತ್ತೆ. "ಮುದ್ಕಿ. ನಂಗೇನ್ ಕಿವಿ ಕೇಳಕಿಲ್ವಾ?" ಒಂದೇ ತಂತಿಗೆ ಕಟ್ಟಿಹಾಕಿದಂತೆ ತಲೆಗೆ ತಲೆ ತಾಗಿಸಿ ಕೂತು ನಾವಿಬ್ಬರೂ ಜಗಳವಾಡಿದೆವು. ಕೊನೆಗೆ ಅತ್ತೆ ರೇಗಿ, ಅದನ್ನು ಕಿತ್ತು ನನ್ನ ಎಡಗಿವಿಗೆ ತುರುಕಿದರು. ಹಾಡನ್ನು ಮೊದಲಿನಿಂದ ಹಾಕಿದೆ.

'ಎಲೆಯ ಕಟ್ಟೋ ಕೈಯಿ ಯಾಕವ್ವ ಕಪ್ಪಾಯ್ತು?' ಎಂದು ಬಲಗಡೆಯಿಂದ ಹುಡುಗಿ ಕೇಳಿದಳು. 'ಬರೆಯೋ ಕೈ ನಿಂದು ಬೆಳ್ಳಗಿರಲಂತ ಕಪ್ಪಾಯ್ತು' ಎಂದು ಎಡಗಡೆಯಿಂದ, ಇಷ್ಟು ಹತ್ತಿರದಿಂದ, ಒಂದು ಹಳೆಯ ದನಿ ಉತ್ತರ ಕೊಟ್ಟಿತು. 'ಬೆಳಗಿಂದ ಕುಂತರೂ ಬೆನ್ಯಾಕೆ ನೋಯಲಿಲ್ಲ?' 'ಎದುರಿಗೆ ನೀನಿದ್ದೆ, ನೋಯೋದ ಮರೆತಿತ್ತು.' ಆ ಹುಡುಗಿ ತನ್ನನ್ನು ಒಂದು ಕಡೆ, ಅಜ್ಜಿಯನ್ನು ಇನ್ನೊಂದು ಕಡೆ ಕೂರಿಸಿ, ಕೇಳುವವರನ್ನು ನಡುವೆ ಕೂರಿಸಿದ್ದಳು. ಅದೇ ಎದುರುಬದುರು. ನಾನು ನಡುವೆ ಕೂರದೆ, ಅಜ್ಜಿಯನ್ನು ಎದೆಯ ಮೇಲೆ ತೂಗಾಡಲು ಬಿಟ್ಟು, ಹಿಂದಿನ ತಲೆಮಾರು ಓಗೊಡಲಿಲ್ಲ ಎಂದು ಊರಿಗೆಲ್ಲ ಸಾರಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಈ ಸಲ ಎರಡೂ. ಇಯರ್‌ಫೋನನ್ನು ತಿರುಗಿಸಿ ನೋಡಿದರೆ ಬಲಗಡೆಯದು ಸವೆದು ಕರ್ರಗಾಗಿದೆ, ಎಡಗಡೆಯದು ಅಂಗಡಿಯಿಂದ ತಂದ ದಿನದ ಹಾಗೆ ಮಿರಮಿರ ಮಿಂಚುತ್ತಿದೆ. ಆಮೇಲೆ ಕೂತು ಹಳೆಯ ಹಾಡುಗಳನ್ನು ಹಾಕಿ ಕೇಳಿದೆ. ಚನ್ನರಾಯಪಟ್ಟಣದ ಆ ಹುಡುಗನ ಗಿಟಾರ್ ಎಡಗಡೆ ಮೊದಲಿಂದ ಕೊನೆಯವರೆಗೆ ಚೆನ್ನಾಗಿಯೇ ಇತ್ತು. ಪಾಪ, ಸಂಕೋಚದ ಸ್ವಭಾವವೂ ಅವನದ್ದಲ್ಲ.

ತಪ್ಪೊಪ್ಪಿಗೆ ಬರೆಯಲು ಕೂತೆ. ಮೊದಲನೆಯ ಕರಡಿನಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂದಿತ್ತು. ಎರಡನೆಯದರಲ್ಲಿ 'ಇಯರ್‌ಫೋನಿನ ದೋಷದಿಂದ' ಎಂದಾಯಿತು. ನಮ್ಮನೆಯವರು ಓದಿ, "ಅದ್ರ ಮೇಲೆ ಯಾಕೆ ಹಾಕ್ತೀಯ? ಅದು ಪಾಪ ಎರಡೂ ಕಡೆ ಹಾಡ್ತಾನೇ ಇತ್ತಲ್ಲ" ಎಂದರು. ಮದುವೆಯಾದ ಮೇಲೆ ಅವರು ಹೇಳಿದ ನ್ಯಾಯವಾದ ಮಾತುಗಳಲ್ಲಿ ಇದೂ ಒಂದು. ಒಟ್ಟು ಇಂಥವು ಮೂರೋ ನಾಲ್ಕೋ ಇದ್ದಾವು. ಕೊನೆಗೆ ಇದ್ದದ್ದನ್ನು ಇದ್ದಂತೆ ಬರೆದೆ. ಸಂಪಾದಕರು ಶನಿವಾರ ಫೋನ್ ಮಾಡಿ, "ಬೇಕಾ ಮೇಡಂ ಇದೆಲ್ಲ? ಎಷ್ಟು ಚೆನ್ನಾಗಿ ಬಂದಿತ್ತು. ಅಜ್ಜಿ ಇಲ್ದೇನೇ ಚೆನ್ನಾಗಿತ್ತು" ಎಂದು ಗೊಣಗಿದರು. ಅಚ್ಚಾಗದಿದ್ದರೆ ಅಂಕಣವೇ ಬೇಡ ಎಂದೆ. ಜೀವನದಲ್ಲಿ ಮೊದಲ ಸಲ ನಾನೊಬ್ಬ ಲೇಖಕಿ ಎಂದು ನನಗನ್ನಿಸಿತು, ಅದೂ ತಪ್ಪೊಪ್ಪಿಕೊಳ್ಳುವ ಸಂದರ್ಭದಲ್ಲಿ. ಆದರೆ ಅಜ್ಜಿಗೆ ಓದಲು ಬಾರದು, ಪಕ್ಕದ ಮನೆಯವರು ಹೇಗೆ ಓದಿ ಹೇಳುತ್ತಾರೋ ಯಾರಿಗೆ ಗೊತ್ತು. ಭಾನುವಾರ ಪತ್ರಿಕೆ ಹಿಡಿದು ನಾನೇ ಕೊಣನೂರಿಗೆ ಹೋಗುವುದೆಂದು ತೀರ್ಮಾನಿಸಿದೆ. "ನಾನೂ ಬತ್ತೀನಿ" ಎಂದರು ಅತ್ತೆ. ಬಿಸಿಲು ಅತ್ತೆ, ಬಸ್ಸು ರಶ್ಶಿರುತ್ತೆ ಎಂದೆ. "ಆ ಮುದ್ಕಿನ ಕಂಡಿಡ್ದಿದ್ದು ಯಾರು? ನೀನಾ?" ಎಂದು ನಾಳೆಯ ಸೀರೆ ತೆಗೆದಿಡಲು ಎದ್ದೇಬಿಟ್ಟರು. ಹಾಗೆ ನೋಡಿದರೆ ಹೊಸ ದನಿಯನ್ನು ಕಂಡುಹಿಡಿದವರು ಅವರೇ.

ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರು ತಲುಪಿದಾಗ ಹನ್ನೊಂದು ಗಂಟೆ. ಸಿಂಧು ಬಸ್‌ಸ್ಟ್ಯಾಂಡಿಗೇ ಬಂದು ಕರೆದುಕೊಂಡು ಹೋದಳು. ಅಜ್ಜಿಯ ಹೆಸರು ಜವರಮ್ಮ. ಜಗಲಿಯ ಮೇಲೆ ಗೋಡೆಗೊರಗಿ, ಮುಖ ಬೀದಿಯ ಕಡೆ ಮಾಡಿಕೊಂಡು ಕೂತಿದ್ದರು. ನಮಗೆ ಚಾಪೆ ಹಾಕಿಸಿ ನೀರು ಕೊಡಿಸಿದರು; ಮೊಮ್ಮಗಳ ಕಡೆ ಮಾತ್ರ ತಿರುಗಲಿಲ್ಲ. ನಾನು ಪತ್ರಿಕೆ ಬಿಡಿಸಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಓದಿದೆ: 'ಸಿಂಧು ಅವರ ಹಾಡಿನಲ್ಲಿ ಏಳು ಪ್ರಶ್ನೆಗಳಿಗೂ ಅವರ ಅಜ್ಜಿ ಜವರಮ್ಮನವರು ಉತ್ತರ ಕೊಟ್ಟಿದ್ದಾರೆ. ಹಾಡಿನಲ್ಲಿ ಎದ್ದು ನಿಲ್ಲುವುದು ಅವರ ದನಿಯೇ. ಅದನ್ನು ಕೇಳಿಸಿಕೊಳ್ಳದೆ ಬರೆದದ್ದು ನನ್ನ ತಪ್ಪು. ನಾನು ಒಂದೇ ಕಿವಿಯಲ್ಲಿ ಕೇಳಿದ್ದೆ.' ಜವರಮ್ಮ ಬೀದಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ, "ಅಂಗಾರೆ ನನ್ ದನಿಯ ಈ ಮಗ ತೆಗ್ದಾಕಿರ್ನಿಲ್ವಾ?" ಎಂದರು. ಇಲ್ಲ ಅಜ್ಜಿ, ನಾನೇ ಕೇಳಿರಲಿಲ್ಲ ಎಂದೆ. "ಒಂದ್ ಕಿವೀಲಿ ಯಾಕವ್ವ ಕೇಳ್ದೆ? ಇನ್ನೊಂದ್ಕೇನಾಗಿತ್ತು?" ಸುಳ್ಳು ಹೇಳುವ ಧೈರ್ಯವಿರಲಿಲ್ಲ. ಒಂದನ್ನು ಕುಕ್ಕರಿಗೆ, ಅತ್ತೆಗೆ ಅಂತ ಬಿಟ್ಟುಕೊಂಡಿರುತ್ತೇನೆ ಅಜ್ಜಿ, ಕರೆದರೆ ಕೇಳಬೇಕಲ್ಲ ಎಂದೆ. ಜವರಮ್ಮನವರ ಮುಖ ಸಡಿಲವಾಯಿತು. ನಮ್ಮತ್ತೆಯ ಕಡೆ ತಿರುಗಿ, "ಅತ್ತೆ ಮಾತ್ ಕೇಳಕೆ ಅಂತ ಒಂದ್ ಕಿವೀನೇ ಮಡಿಕಂಡವ್ಳಲ್ಲವ್ವ ನಿನ್ ಸೊಸೆ! ಈ ಕಾಲ್ದಲ್ಲಿ ಯಾರ್ ಮಡಿಕತಾರೆ?" ಎಂದರು. ನಮ್ಮತ್ತೆ, "ಕೇಳುಸ್ಕತಾಳೆ ಕನವ್ವ, ಮಾಡದೊಂದಿಲ್ಲ" ಎಂದರು. ಅಲ್ಲಿಗೆ ಜವರಮ್ಮ ನಕ್ಕರು. ಆಮೇಲೆ ಮೊಮ್ಮಗಳನ್ನು ನೋಡಿ, "ನಿಂತ್ಕಂಡ್ ಏನ್ ನೋಡ್ತಿದೀಯಾ ಮಗಾ, ಬಂದೋರ್ಗೆ ಕಾಪಿ ಕಾಯ್ಸೋಗು. ನಂಗೂ ವಸಿ ಮಡಗು" ಎಂದರು. ಸಿಂಧು ಒಳಗೆ ಓಡಿದಳು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಕಾಫಿಯಾದ ಮೇಲೆ ಜವರಮ್ಮ, "ಪೇಪರ್ನೋಳು ನಡುವ್ಕೆ ಬಂದು ಕುತ್ಕೊ" ಎಂದು ಅಪ್ಪಣೆ ಮಾಡಿದರು. ಆ ಕಡೆ ಅವರು, ಈ ಕಡೆ ಸಿಂಧು, ನಡುವೆ ನಾನು. ಏಳು ಪ್ರಶ್ನೆ, ಏಳು ಉತ್ತರ. ಎಲೆ ಕಟ್ಟಿ ಕಟ್ಟಿ ಬೆರಳ ಸಂದಿಗಳಲ್ಲಿ ಕಪ್ಪು ಉಳಿದುಬಿಟ್ಟಿದ್ದ ಅವರ ಕೈ ಹಾಡಿನ ಜೊತೆ ಗಾಳಿಯಲ್ಲೇ ಎಲೆ ಕಟ್ಟುತ್ತಿತ್ತು. ನನ್ನ ಬರೆಯುವ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪತ್ರಿಕೆಯ ಕೆಳಗೆ ಬಚ್ಚಿಟ್ಟುಕೊಂಡೆ. ಹಾಡು ಮುಗಿಯಿತು ಎಂದುಕೊಂಡಾಗ ಹಿಂದಿನಿಂದ ಇನ್ನೊಂದು ದನಿ ಎದ್ದಿತು. 'ಕಟ್ಟಿದ ಎಲೆಯೆಲ್ಲ ಯಾರೂರ ಸೇರ್ಯಾವೊ? ಕಟ್ಟಿದೋಳ ಹೆಸರ ಯಾರವ್ವ ಕೇಳ್ಯಾರೊ?' ತಿರುಗಿ ನೋಡಿದೆ. ನಮ್ಮತ್ತೆ! ಕಣ್ಣು ಮುಚ್ಚಿಕೊಂಡು, ಬೆನ್ನು ನೇರ ಮಾಡಿಕೊಂಡು ಹಾಡುತ್ತಿದ್ದಾರೆ. ಅವರ ತೌರು ರಾಮನಾಥಪುರದ ಹತ್ತಿರದ ಹಳ್ಳಿ ಎಂದು ನನಗೆ ಗೊತ್ತಿತ್ತು. ಮದುವೆಯಾಗುವ ತನಕ ಎಲೆ ಕಟ್ಟಿದವರು, ಪದ ಹೇಳಿದವರು ಎಂದು ಗೊತ್ತಿರಲಿಲ್ಲ. "ನಮ್ ಕಡೆ ಇದೂ ಒಂದ್ ಯೋಳ್ತಿದ್ದೊ" ಎಂದರು, ಏನೂ ಆಗಿಲ್ಲವೆಂಬಂತೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೇನೆ. ಒಂದು ಕಿವಿಯನ್ನು ಇವರಿಗೆಂದೇ ಮೀಸಲಿಟ್ಟೆ ಎಂದು ಈಗಷ್ಟೇ ಕೊಚ್ಚಿಕೊಂಡವಳು ನಾನು. ಆ ಕಿವಿಗೆ ಕಾಫಿ, ಬಾಗಿಲು, ಬಂದವರಾರು ಎಂಬುದರಾಚೆ ಏನೂ ಬಿದ್ದಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, ಯಾಕತ್ತೆ ಒಂದು ದಿನವೂ ಹಾಡಲಿಲ್ಲ ಎಂದು ಕೇಳಿದೆ. "ನೀನ್ ಯಾವತ್ತ್ ಕೇಳ್ದೆ?" ಎಂದು ಕಿಟಕಿಯ ಕಡೆ ತಿರುಗಿದರು. ನಿಜ ಹೇಳುತ್ತೇನೆ, ಆ ಮಾತು ನನಗೆ ಚುರುಕ್ ಎಂದಿತು.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಪ್ಪೊಪ್ಪಿಗೆಯನ್ನು ಓದಿದ ನೋಟೀಸ್ ಬೋರ್ಡಿನ ಕನ್ನಡ ಮೇಷ್ಟ್ರು, "ಒಂದು ಕಿವಿ ಅನ್ನೋ ರೂಪಕ ಅದ್ಭುತವಾಗಿದೆ ಮೇಡಂ" ಎಂದರು. ರೂಪಕವಲ್ಲ ಸಾರ್, ನಿಜವಾಗಿ ಒಂದೇ ಕಿವಿ ಎಂದರೆ ನಂಬಲಿಲ್ಲ. ಚನ್ನರಾಯಪಟ್ಟಣದ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು, "ಅಯ್ಯೋ ಬುಡಿ ಮೇಡಂ, ಜೋರಾಗ್ ಬಾರ್ಸಕೆ ನಂಗೂ ಒಂದ್ ನೆಪ ಬೇಕಾಗಿತ್ತು" ಎಂದ. ಸಿಂಧು ಎರಡು ಭಾನುವಾರ ಹೊಳೆನರಸೀಪುರಕ್ಕೆ ಬಂದು, ನಮ್ಮ ದೇವರಮನೆಯ ಕಿಟಕಿಗೆ ನಮ್ಮದೇ ರಗ್ಗು ಕಟ್ಟಿ, ನಮ್ಮನ್ನೆಲ್ಲ ಆಚೆ ಅಟ್ಟಿ, ನಮ್ಮತ್ತೆಯ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಹೋದಳು. ಅಂದಿನಿಂದ ಅತ್ತೆ ನನ್ನನ್ನು ನೋಡುವ ರೀತಿಯೇ ಬದಲಾಯಿತು. "ನಂದೂ ಬತ್ತದಾ ಪೇಪರ್ನಲ್ಲಿ? ಏನಂತ ಬರೀತೀಯ? ಸುಮ್ಕೆ ಒಗಳ್ಬ್ಯಾಡ, ಇದ್ದಿದ್ ಇದ್ದಂಗೆ ಬರಿ" ಎನ್ನುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆದು ಅದೇ ಮನೆಯಲ್ಲಿ ಊಟ ಮಾಡಬೇಕಾದ ವಿಮರ್ಶಕರು ಕನ್ನಡದಲ್ಲಿ ಎಷ್ಟು ಜನ ಇದ್ದಾರೆ, ಹೇಳಿ.

ಹೋದ ವಾರ ಆ ಹಾಡು ಬಂತು. ಜೊತೆಗೆ ಸಿಂಧುವಿನ ಒಂದು ಸಾಲು: 'ಮೇಡಂ, ಈ ಸಲ ಯಾಕೆ ಬೇಕು ರಗಳೆ ಅಂತ ನಿಮ್ಮನೆ ಅಜ್ಜಿಯನ್ನು ಎರಡೂ ಕಡೆ ಹಾಕಿದ್ದೇನೆ.' ಎಷ್ಟು ಸೂಕ್ಷ್ಮದ ಹುಡುಗಿ! ಆದರೂ ನಾನು ಪಾಠ ಕಲಿತವಳಲ್ಲವೇ, ಶಾಸ್ತ್ರೋಕ್ತವಾಗಿ ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಬೇಳೆ ಒಲೆಯ ಮೇಲಿತ್ತು. ಅಡಿಗೆಮನೆಯ ಕಟ್ಟೆಗೊರಗಿ, ಕಣ್ಣು ಮುಚ್ಚಿಕೊಂಡು, ಒಂದಲ್ಲ, ಮೂರು ಸಲ ಕೇಳಿದೆ. ಕಣ್ಣು ಬಿಟ್ಟಾಗ ಅಡಿಗೆಮನೆಯ ತುಂಬ ಸೀದ ವಾಸನೆ. ಬಾಗಿಲಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ, ತುಟಿ ಬಿರುಸಾಗಿ ಆಡುತ್ತಿದೆ. ಏಳು ಸಲ ಕೂಗಿದರಂತೆ. ನನಗೆ ಒಂದೂ ಕೇಳಲಿಲ್ಲ. ಎರಡು ಕಿವಿಯಲ್ಲೂ ಅವರೇ ಹಾಡುತ್ತಿದ್ದರು.